ಕಾಲಿನ ನರಕ್ಕೆ ಪೆಟ್ಟು: ಲೇಸರ್ ಚಿಕಿತ್ಸೆಯಿಂದ ಎಷ್ಟು ಪ್ರಯೋಜನ?

ತಿಕೋಟಾ, ಬಬಲೇಶ್ವರ ಹಾಗೂ ವಿಜಯಪುರ ನಗರದಂಚಿನ ಇಬ್ರಾಹಿಂಪುರದ ಕಡೆ ಕಸ ತೆಗೆಯುವುದು, ಕಡಲೆ ಕೀಳುವುದು, ಉಳ್ಳಾಗಡ್ಡಿ ಕೊಯ್ಯುವುದು ಹೆಚ್ಚಾಗಿ ಕುಕ್ಕರಗಾಲಿನಲ್ಲಿ ಕುಳಿತು ಮಾಡುವ ಕೆಲಸಗಳು. ಹೀಗೆ ಗಂಟೆಗಟ್ಟಲೆ ಕುಳಿತವರಲ್ಲಿ ಕೆಲವರಿಗೆ ಮೇಲೇಳುವಾಗ ಪಾದ ಜೋತು ಬೀಳುತ್ತದೆ. ಬೆರಳು ನೆಲಕ್ಕೆ ತಾಗುತ್ತದೆ, ಚಪ್ಪಲಿ ಜಾರುತ್ತದೆ, ಪಾದದ ಮೇಲ್ಭಾಗ ಮರಗಟ್ಟುತ್ತದೆ. ಇದನ್ನು ವಾಯು ಎಂದು ಎಣ್ಣೆ ತಿಕ್ಕುತ್ತ ಕುಳಿತರೆ ಕಾಲ ವ್ಯರ್ಥವಾಗುತ್ತದೆ.

ಮೊಣಕಾಲಿನ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ ಗುಬ್ಬಿಯಂತೆ ಕೈಗೆ ಸಿಗುವ ಎಲುಬನ್ನು ಸುತ್ತಿಕೊಂಡು ಒಂದು ನರ ಹಾದು ಹೋಗುತ್ತದೆ. ಪಾದವನ್ನು ಮೇಲೆತ್ತುವ ಸ್ನಾಯುಗಳಿಗೆ ಇದೇ ಆಧಾರ. ಅಲ್ಲಿ ನರದ ಮೇಲೆ ಮಾಂಸದ ಹೊದಿಕೆ ಬಹಳ ಕಡಿಮೆ; ಕಾಲು ಪೂರ್ಣ ಮಡಚಿದಾಗ ಅದು ಅದುಮಿ ಹೋಗುತ್ತದೆ. ಮೈ ತೆಳ್ಳಗಿರುವವರಿಗೆ ಅಪಾಯ ಹೆಚ್ಚು. ನರದ ಹೊರಕವಚಕ್ಕೆ ಮಾತ್ರ ಪೆಟ್ಟಾಗಿದ್ದರೆ ಕೆಲವು ವಾರಗಳಿಂದ ಎರಡು ಮೂರು ತಿಂಗಳುಗಳಲ್ಲಿ ತಾನಾಗಿಯೇ ಗುಣವಾಗುವುದುಂಟು. ಒಳಗಿನ ಎಳೆಗಳೇ ಕಡಿದಿದ್ದರೆ ಅವು ದಿನಕ್ಕೆ ಸುಮಾರು 1 ಮಿ.ಮೀ. ಮಾತ್ರ ಬೆಳೆಯುತ್ತವೆ; ಒಂದು ಗೇಣು ದೂರಕ್ಕೆ ಏಳೆಂಟು ತಿಂಗಳು ಬೇಕು.

ಲೇಸರ್ ಎಂದೊಡನೆ ಸುಡುವ, ಕತ್ತರಿಸುವ ಕಿರಣವೆಂದು ಭಾವಿಸಬೇಕಾಗಿಲ್ಲ. ಇಲ್ಲಿ ಬಳಸುವುದು ಕ್ಷೀಣ ಶಕ್ತಿಯ ಕೆಂಪು ಅಥವಾ ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಹಂಗೇರಿಯ ಎಂಡ್ರೆ ಮೆಸ್ಟರ್ 1960ರ ದಶಕದಲ್ಲಿ ಇಲಿಗಳ ಮೇಲೆ ಇಂಥ ಬೆಳಕು ಬಿಟ್ಟಾಗ ಬೋಳಿಸಿದ ಕೂದಲು ಬೇಗ ಬೆಳೆದದ್ದು ಕಂಡುಬಂತು. ಜೀವಕೋಶದ ಮೈಟೊಕಾಂಡ್ರಿಯ ಈ ಬೆಳಕನ್ನು ಹೀರಿ ಹೆಚ್ಚು ಶಕ್ತಿ ಉತ್ಪಾದಿಸುತ್ತದೆ ಎಂಬುದು ವಿಜ್ಞಾನಿಗಳ ವಿವರಣೆ. ಇಸ್ರೇಲಿನಲ್ಲಿ ಅಪೂರ್ಣವಾಗಿ ನರ ಹಾನಿಗೊಂಡ 18 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಲೇಸರ್ ಪಡೆದವರ ಸ್ನಾಯುಬಲ ಉತ್ತಮಗೊಂಡಿತು. ಆದರೆ ಅಲ್ಲಿ 21 ದಿನ, ದಿನಕ್ಕೆ 5 ಗಂಟೆ ಬೆಳಕು ನೀಡಲಾಗಿತ್ತು. ಹತ್ತು ನಿಮಿಷದ ನಾಲ್ಕಾರು ಸರದಿಗಳಿಂದ ಅದೇ ಫಲ ದೊರೆಯುತ್ತದೆಂದು ಹೇಳಲು ಆಧಾರವಿಲ್ಲ. ಹದಿನೆಂಟು ಜನರ ಫಲಿತಾಂಶ ನಂಬಿ ಎತ್ತು ಮಾರುವುದು ಜಾಣತನವಲ್ಲ.

ಆದ್ದರಿಂದ ಲೇಸರನ್ನು ವೈದ್ಯರ ಸಲಹೆಯಂತೆ ವ್ಯಾಯಾಮದ ಜೊತೆಗೆ ಮಾತ್ರ ಪಡೆಯುವುದು ಸೂಕ್ತ. ಕಣ್ಣಿಗೆ ಕಿರಣ ತಾಗಬಾರದು; ಗಡ್ಡೆಯಿರುವ ಭಾಗಕ್ಕೆ ಬಿಡಬಾರದು. ಪಾದವನ್ನು ಎತ್ತಿ ಹಿಡಿಯುವ ಪಟ್ಟಿ ಕಟ್ಟಿಕೊಂಡು, ಕೈಯಿಂದ ದಿನಕ್ಕೆ ಹಲವು ಸಲ ಪಾದವನ್ನು ಮೇಲಕ್ಕೆ ಬಾಗಿಸುತ್ತಿದ್ದರೆ ಹಿಮ್ಮಡಿಯ ನರಪಟ್ಟಿ ಬಿಗಿಯುವುದಿಲ್ಲ. ಚರ್ಮದ ಮೇಲೆ ಸ್ಪರ್ಶಜ್ಞಾನವಿಲ್ಲದ ಮಚ್ಚೆಯಿದ್ದರೆ ಕುಷ್ಠರೋಗದ ತಪಾಸಣೆ ಅಗತ್ಯ. ಅದಕ್ಕೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಔಷಧ ಉಚಿತ.

ಹೊಲದಲ್ಲಿ ಕಾಲು ಜೋಮು ಹಿಡಿದ ತಕ್ಷಣ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ಒಂದು ಗೇಣು ಎತ್ತರದ ಮಣೆಯ ಮೇಲೆ ಕುಳಿತರೆ ಮೊಣಕಾಲು ಪೂರ್ಣ ಮಡಚುವುದಿಲ್ಲ. ಸಾಲು ಬಿತ್ತನೆಯಿದ್ದಲ್ಲಿ ಎಡೆಕುಂಟೆ ಹೊಡೆದರೆ, ಕುಳಿತು ತೆಗೆಯಬೇಕಾದ ಕಸ ಸಾಲಿನೊಳಗಿನದಷ್ಟೇ ಉಳಿಯುತ್ತದೆ.