ಹವಳದ ತೊಟ್ಟಿಯ ಒಳಹಗೆಗಳು

ಹವಳವೆಂದೊಡನೆ ಕನ್ನಡಿಗರ ಮನಸ್ಸಿಗೆ ಬರುವುದು ನವರತ್ನಗಳಲ್ಲೊಂದಾದ ಕೆಂಪುಮಣಿ. ಸಂಸ್ಕೃತದ ಪ್ರವಾಳ, ಹಳಗನ್ನಡದ ಪವಳ, ಇಂದಿನ ಹವಳ, ಇವು ಒಂದೇ ಶಬ್ದದ ಮೂರು ಅವಸ್ಥೆಗಳು. ಇದಕ್ಕೆ ವಿದ್ರುಮವೆಂಬ ಇನ್ನೊಂದು ಹೆಸರೂ ಉಂಟು. ಅದರೊಳಗೆ ಮರವೆಂಬ ಅರ್ಥದ ದ್ರುಮ ಶಬ್ದವು ಅಡಗಿ ಕುಳಿತಿದೆ. ಕಲ್ಲೆಂದವರೂ ಮರವೆಂದವರೂ ತಮ್ಮ ಕಣ್ಣಿಗೆ ಕಂಡುದನ್ನೇ ಹೇಳಿದರು. ಹವಳವು ಕಲ್ಲಿನಂತೆ ಗಟ್ಟಿಯಾಗಿದೆ, ಮರದಂತೆ ಕವಲೊಡೆದಿದೆ. ಆದರೆ ಅದು ಪ್ರಾಣಿ. ಸಾಸಿವೆಯಷ್ಟೋ ಕಡಲೆಕಾಳಿನಷ್ಟೋ ಇರುವ ಅಸಂಖ್ಯ ಜೀವಿಗಳು ಒತ್ತೊತ್ತಾಗಿ ನೆಲೆಸಿ, ನೀರಿನಲ್ಲಿರುವ ಸುಣ್ಣದ ಅಂಶವನ್ನು ಹೀರಿ, ತಮ್ಮ ಅಡಿಯಲ್ಲಿ ತಾವೇ ಕಟ್ಟಿಕೊಂಡ ಮನೆಯೇ ಹವಳದ ದಿಬ್ಬ. ಆಭರಣದ ಹವಳ ಬೇರೆ ಜಾತಿಯದು. ಇಲ್ಲಿ ಪ್ರಸ್ತುತವಾದುದು ಉಷ್ಣವಲಯದ ಕಡಲುಗಳಲ್ಲಿ ದಿಬ್ಬ ಕಟ್ಟುವ ಹವಳ, ಮತ್ತು ಅದನ್ನು ಗಾಜಿನ ತೊಟ್ಟಿಯಲ್ಲಿ ಸಾಕುವವರಿಗೆ ಒದಗುವ ಒಂದು ವಿಲಕ್ಷಣ ಸಂಕಟ.

ಕಡಲಿನ ಒಂದು ಮೂಲೆಯನ್ನು ಮನೆಯ ಪಡಸಾಲೆಯಲ್ಲಿ ಇರಿಸಿಕೊಳ್ಳುವುದು ಸಾಮಾನ್ಯ ಕಾರ್ಯವಲ್ಲ. ಲೀಟರು ನೀರಿಗೆ ಸುಮಾರು 35 ಗ್ರಾಂ ಲವಣವಿರಬೇಕು, ಉಷ್ಣತೆಯು 25 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ನಿಲ್ಲಬೇಕು, ಬೆಳಕು ಪ್ರಖರವಾಗಿರಬೇಕು, ನೀರು ಸದಾ ಚಲಿಸುತ್ತಿರಬೇಕು. ಇಷ್ಟಿದ್ದರೂ ಮೀನುಗಳ ಮಲಮೂತ್ರದಿಂದ ಹುಟ್ಟುವ ಅಮೋನಿಯವು ಕೆಲವೇ ದಿನಗಳಲ್ಲಿ ತೊಟ್ಟಿಯನ್ನು ವಿಷಮಯಗೊಳಿಸುತ್ತದೆ. ಇದಕ್ಕೆ ಸುಲಭವಾದ ಪರಿಹಾರವನ್ನು ತೋರಿಸಿದವರಲ್ಲಿ ಇಂಡೋನೇಷ್ಯದ ಜಕಾರ್ತದ ಲೀ ಚಿನ್ ಎಂಗ್ ಅವರು ಪ್ರಮುಖರು. ಕಡಲಿನಿಂದ ತಂದ ಸಜೀವವಾದ ಕಲ್ಲುಗಳನ್ನೇ ತೊಟ್ಟಿಯಲ್ಲಿ ಪೇರಿಸಿ, ಗಾಳಿಯ ಗುಳ್ಳೆಗಳನ್ನು ಹಾಯಿಸಿ, ನೀರನ್ನು ಶುದ್ಧವಾಗಿಡಬಹುದೆಂದು ಅವರು 1961ರಲ್ಲಿ ಅಮೆರಿಕದ ಮತ್ಸ್ಯಪಾಲನೆಯ ಪತ್ರಿಕೆಯೊಂದರಲ್ಲಿ ಬರೆದರು. ಈ ಕಲ್ಲಿಗೆ ಜೀವಶಿಲೆಯೆಂದು ಹೆಸರಿಡಬಹುದು. ಸತ್ತ ಹವಳದ ಸುಣ್ಣದ ಗಡ್ಡೆಯಾದ ಇದು ಜೇನುಹುಟ್ಟಿನಂತೆ ರಂಧ್ರಮಯ. ಅದರ ಹೊರಮೈಯಲ್ಲಿ ನೆಲೆಸಿದ ಸೂಕ್ಷ್ಮಾಣುಗಳು ಅಮೋನಿಯವನ್ನು ನೈಟ್ರೈಟಾಗಿಯೂ, ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟಾಗಿಯೂ ಪರಿವರ್ತಿಸುತ್ತವೆ. ಪ್ರಾಣವಾಯು ತಲುಪದ ಒಳಪದರಗಳಲ್ಲಿ ಬೇರೆ ಸೂಕ್ಷ್ಮಾಣುಗಳು ಆ ನೈಟ್ರೇಟನ್ನು ಸಾರಜನಕವಾಗಿ ಮಾಡಿ ಗಾಳಿಗೆ ಬಿಟ್ಟುಕೊಡುತ್ತವೆ. ತೊಟ್ಟಿಯ ಉಸಿರು, ಜಠರ, ಮೂತ್ರಪಿಂಡ ಎಲ್ಲವೂ ಈ ಕಲ್ಲೇ.

ಆದರೆ ಕಲ್ಲಿನ ರಂಧ್ರಗಳಲ್ಲಿ ಸೂಕ್ಷ್ಮಾಣುಗಳು ಮಾತ್ರವೇ ಇರುವುದಿಲ್ಲ. ಏಡಿ, ಸೀಗಡಿ, ಹುಳು, ಬಸವನಹುಳು, ಇವುಗಳ ಮೊಟ್ಟೆ ಮರಿಗಳು, ಯಾರೂ ಕರೆಯದಿದ್ದರೂ ಕಲ್ಲಿನೊಡನೆ ಬಂದು ಸೇರುತ್ತವೆ. ಬಹುಪಾಲು ಅತಿಥಿಗಳು ಸಾಧುಗಳು. ಒಂದೆರಡು ಮಾತ್ರ ಹಂತಕರು. ತೊಟ್ಟಿಗೆ ಜೀವ ಕೊಡುವ ವಸ್ತುವೂ, ತೊಟ್ಟಿಯ ಜೀವಗಳನ್ನು ನುಂಗುವ ಶತ್ರುವೂ ಒಂದೇ ಬಾಗಿಲಿನಿಂದ ಒಳಹೊಕ್ಕಿರುತ್ತವೆ ಎಂಬುದೇ ಇಲ್ಲಿಯ ತೊಡಕು. ಬಾಗಿಲನ್ನು ಮುಚ್ಚುವಂತಿಲ್ಲ, ತೆರೆದಿಟ್ಟು ನಿಶ್ಚಿಂತೆಯಿಂದ ಇರುವಂತೆಯೂ ಇಲ್ಲ.

ಈ ತೊಡಕು ಎಷ್ಟರಮಟ್ಟಿಗೆ ಬೆಳೆಯಬಲ್ಲುದೆಂಬುದಕ್ಕೆ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ನ್ಯೂಕೀ ಪಟ್ಟಣದಲ್ಲಿರುವ ಬ್ಲೂ ರೀಫ್ ಮತ್ಸ್ಯಾಲಯದಲ್ಲಿ 2009ರಲ್ಲಿ ನಡೆದ ಪ್ರಸಂಗವು ನಿದರ್ಶನ. ಅಲ್ಲಿಯ ಪ್ರದರ್ಶನದ ತೊಟ್ಟಿಯೊಂದರಲ್ಲಿ ಹವಳಗಳು ರಾತ್ರೋರಾತ್ರಿ ಕತ್ತರಿಸಿದಂತೆ ಎರಡಾಗಿ ಬೀಳತೊಡಗಿದವು. ಮೀನುಗಳಿಗೆ ಗಾಯಗಳಾದವು, ಕೆಲವು ಮಾಯವಾದವು. ಸಿಬ್ಬಂದಿಯವರು ಬಲೆಯೊಡ್ಡಿದರು, ಬೆಳಗಾಗುವಷ್ಟರಲ್ಲಿ ಅದು ಹರಿದಿತ್ತು. ಗಾಳವಿಟ್ಟರು, ಬಲವಾದ ದಾರವೂ ತುಂಡಾಗಿತ್ತು. ಕೊನೆಗೆ ಬೇರೆ ದಾರಿ ಕಾಣದೆ, ತೊಟ್ಟಿಯ ಕಲ್ಲುಗಳನ್ನು ಒಂದೊಂದಾಗಿ ಹೊರತೆಗೆಯಲು ಪ್ರಾರಂಭಿಸಿದರು. ಅಡಿಯಲ್ಲಿ ಸಿಕ್ಕಿದ್ದು ಸುಮಾರು ನಾಲ್ಕು ಅಡಿ ಉದ್ದದ ಒಂದು ಹುಳು. ಅದು ಎಂದೋ ಕಲ್ಲಿನ ರಂಧ್ರದಲ್ಲಿ ಎಳೆಯ ಮರಿಯಾಗಿ ಬಂದು, ಯಾರ ಕಣ್ಣಿಗೂ ಬೀಳದೆ, ಪ್ರೇಕ್ಷಕರ ಎದುರಿನಲ್ಲಿಯೇ ಅಷ್ಟುದ್ದ ಬೆಳೆದಿತ್ತೆಂದು ಊಹಿಸಲಾಯಿತು. ಮೀನಿನ ಚೂರುಗಳ ಆಸೆ ತೋರಿಸಿ ಅದನ್ನು ಹೊರಕ್ಕೆಳೆದರು.

ಯೂನಿಸ್ ಅಫ್ರೊಡೈಟಾಯಿಸ್ ಎಂಬುದು ಇಂಥ ಹುಳುವಿಗೆ ಶಾಸ್ತ್ರಜ್ಞರು ಕೊಟ್ಟ ಹೆಸರು. ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಪಲ್ಲಾಸ್ ಇದನ್ನು 1788ರಷ್ಟು ಹಿಂದೆಯೇ ವರ್ಣಿಸಿದ್ದನು. ಮರಳಿನಲ್ಲೋ ಕಲ್ಲಿನ ಸಂದಿನಲ್ಲೋ ಮೈಯನ್ನೆಲ್ಲ ಹುದುಗಿಸಿ, ಐದು ಮೀಸೆಗಳನ್ನು ಮಾತ್ರ ಹೊರಚಾಚಿ ಕಾದಿರುತ್ತದೆ. ಮೀನು ಸೋಕಿದ ಕ್ಷಣದಲ್ಲಿ ಇಕ್ಕಳದಂಥ ದವಡೆಗಳಿಂದ ಹಿಡಿದು ಬಿಲದೊಳಕ್ಕೆ ಸೆಳೆದುಕೊಳ್ಳುತ್ತದೆ. ಜಪಾನಿನ ಶಿರಹಾಮದಲ್ಲಿ 2009ರಲ್ಲಿಯೇ ದೊರೆತ ಇದೇ ಜಾತಿಯ ಒಂದು ಹುಳುವಿನ ಉದ್ದ 299 ಸೆಂಟಿಮೀಟರ್, ತೂಕ 433 ಗ್ರಾಂ, ಉಂಗುರಗಳ ಸಂಖ್ಯೆ 673. ಅದು ಅಡಗಿದ್ದುದು 13 ವರ್ಷಗಳಿಂದ ನೀರಿನಲ್ಲಿದ್ದ ತೆಪ್ಪವೊಂದರ ತೇಲುಗದಲ್ಲಿ. ಇಂಥ ಹುಳುವಿನ ತಲೆಯನ್ನು ಇಕ್ಕಳದಿಂದ ಹಿಡಿದು ಎಳೆಯುವುದು ಅವಿವೇಕ. ಮೈ ಹರಿದು ಅರ್ಧವು ಕಲ್ಲಿನೊಳಗೇ ಉಳಿದು ಕೊಳೆತರೆ ಅದರಿಂದ ಏಳುವ ಅಮೋನಿಯವು ಹುಳುವಿಗಿಂತ ಹೆಚ್ಚು ಹವಳಗಳನ್ನು ಕೊಂದೀತು.

ಎರಡನೆಯ ಹಂತಕನನ್ನು ಕಣ್ಣಿಗಿಂತ ಮೊದಲು ಕಿವಿಯೇ ಗುರುತಿಸುತ್ತದೆ. ರಾತ್ರಿಯ ನಿಶ್ಶಬ್ದದಲ್ಲಿ ತೊಟ್ಟಿಯ ಕಡೆಯಿಂದ ಟಿಕ್ ಟಿಕ್ ಎಂಬ ಸದ್ದು ಕೇಳುತ್ತಿದ್ದರೆ, ಬೆಳಿಗ್ಗೆ ಬಸವನಹುಳುಗಳ ಚಿಪ್ಪುಗಳು ಒಡೆದು ಬಿದ್ದಿದ್ದರೆ, ಕಲ್ಲಿನೊಳಗೆ ಮ್ಯಾಂಟಿಸ್ ಸೀಗಡಿ ಇರಬಹುದೆಂದು ಶಂಕಿಸಬೇಕು. ಕೈಮುಗಿದಂತೆ ಮುಂಗಾಲುಗಳನ್ನು ಮಡಚಿಕೊಂಡು ಬೇಟೆಗೆ ಕಾಯುವ ಕೀಟವೊಂದನ್ನು ಹೊಲಗದ್ದೆಗಳಲ್ಲಿ ಎಲ್ಲರೂ ಕಂಡಿರುತ್ತಾರೆ. ಅದೇ ಭಂಗಿ ಇದರದೂ. ಹೆಸರು ಸೀಗಡಿಯಾದರೂ ನಿಜವಾದ ಸೀಗಡಿಯ ಕುಲಕ್ಕೆ ಇದು ಸೇರಿದುದಲ್ಲ. ಇದರಲ್ಲಿ ಈಟಿಯಂಥ ಮುಂಗಾಲಿನಿಂದ ಮೀನನ್ನು ತಿವಿಯುವವು, ಗದೆಯಂಥ ಮುಂಗಾಲಿನಿಂದ ಚಿಪ್ಪನ್ನು ಬಡಿಯುವವು ಎಂದು ಎರಡು ಪಂಗಡ. ಗದಾಧಾರಿಗಳಲ್ಲೊಂದಾದ ನವಿಲುಬಣ್ಣದ ಜಾತಿಯ ಹೊಡೆತವು ಸೆಕೆಂಡಿಗೆ 23 ಮೀಟರ್ ವೇಗವನ್ನು ಮುಟ್ಟುತ್ತದೆಂದು ಅಮೆರಿಕದ ಶೀಲಾ ಪಾಟೆಕ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದರು. ಆ ವೇಗಕ್ಕೆ ಎದುರಿನ ನೀರೇ ಸೀಳಿ ಆವಿಯ ಗುಳ್ಳೆಗಳಾಗುತ್ತದೆ. ಗುಳ್ಳೆ ಕುಸಿಯುವಾಗ ಬೇಟೆಗೆ ಎರಡನೆಯ ಪೆಟ್ಟು ಬೀಳುತ್ತದೆ. ಹೊಡೆದದ್ದು ಒಮ್ಮೆ, ಪೆಟ್ಟು ಎರಡು! ಕೈಹಾಕಿ ಹಿಡಿಯಹೋದವರ ಬೆರಳಿಗೂ ಇದೇ ಗತಿ.

ಶತ್ರುವಿನ ವರ್ಣನೆಯನ್ನು ಕೇಳಿದವರಿಗೆ ಕಲ್ಲಿನಲ್ಲಿ ಹರಿದಾಡುವ ಎಲ್ಲವೂ ಶತ್ರುವಾಗಿಯೇ ತೋರುವುದು ಸಹಜ. ಇಲ್ಲಿಯೇ ಬಹುಮಂದಿ ಎಡವುವುದು. ಮೈಯ ಇಕ್ಕೆಲದಲ್ಲಿ ಬಿಳಿಯ ಬಿರುಗೂದಲುಳ್ಳ, ನೋಡಲು ಜರಿಯಂತೆ ಅಸಹ್ಯವಾದ ಹುಳುಗಳು ಸಾಮಾನ್ಯವಾಗಿ ಪ್ರತಿಯೊಂದು ತೊಟ್ಟಿಯಲ್ಲಿಯೂ ಇರುತ್ತವೆ. ಸತ್ತ ಮೀನಿನ ಮೇಲೆ ಅವು ಮುತ್ತಿರುವುದನ್ನು ಕಂಡ ಯಜಮಾನನು ಅವೇ ಕೊಂದವೆಂದು ತೀರ್ಮಾನಿಸುತ್ತಾನೆ. ಅವು ಕೊಂದುದಲ್ಲ, ಸತ್ತುದನ್ನು ಶುಚಿಮಾಡಲು ಬಂದವು. ಅಂಥ ಹುಳುಗಳನ್ನು ನಿರ್ನಾಮ ಮಾಡಿದ ತೊಟ್ಟಿಯಲ್ಲಿ ಉಳಿದ ಆಹಾರವು ಸಂದುಗೊಂದುಗಳಲ್ಲಿ ಕೊಳೆಯುತ್ತದೆ. ಆದರೆ ಅಟ್ಲಾಂಟಿಕ್ ಸಾಗರದ ಅಗ್ನಿಹುಳುವೆಂಬ ಒಂದು ಜಾತಿಯು ಅದೇ ವೇಷದಲ್ಲಿದ್ದು ನಿಜವಾಗಿಯೂ ಹವಳವನ್ನು ತಿನ್ನುತ್ತದೆ. ಏಡಿಗಳಲ್ಲಿಯೂ ಹೀಗೆಯೇ. ಮೈತುಂಬ ರೋಮವಿದ್ದು ಕೊಂಡಿಯ ತುದಿ ಕಪ್ಪಾಗಿರುವ ಏಡಿಗಳ ಮೇಲೆ ಸಂಶಯಪಡುವುದು ನ್ಯಾಯ. ಆದರೆ ಟ್ರಪೀಜಿಯವೆಂಬ ನುಣುಪುಮೈಯ ಪುಟ್ಟ ಏಡಿಯು ಕವಲು ಹವಳದ ಕೊಂಬೆಗಳ ನಡುವೆ ಮನೆಮಾಡಿಕೊಂಡು, ಕಡಲಿನಲ್ಲಿ ಹವಳಭಕ್ಷಕವಾದ ಮುಳ್ಳಿನ ನಕ್ಷತ್ರಮೀನು ಹತ್ತಿರ ಬಂದರೆ ಅದರ ಕಾಲುಗಳನ್ನು ಚಿವುಟಿ ಓಡಿಸುತ್ತದೆ. ಬೆರಳಿನ ಉಗುರಿನಷ್ಟಿರುವ ಈ ಕಾವಲುಗಾರನನ್ನು ಕಳ್ಳನೆಂದು ಕಿತ್ತೆಸೆದವರು ಉಂಟು. ಆದುದರಿಂದ ದಂಡನೆಗೆ ಮೊದಲು ವಿಚಾರಣೆ ನಡೆಯಬೇಕು. ಈ ಜೀವಿಗಳಲ್ಲಿ ಹೆಚ್ಚಿನವು ಕೆಂಪು ಬೆಳಕಿಗೆ ಬೆದರುವುದಿಲ್ಲವಾದ ಕಾರಣ, ದೀಪವಾರಿದ ಒಂದೆರಡು ಗಂಟೆಗಳ ಬಳಿಕ ಕೆಂಪು ಕಾಗದ ಸುತ್ತಿದ ಟಾರ್ಚಿನಿಂದ ನೋಡಿದರೆ ಯಾವ ಬಿಲದಿಂದ ಯಾರು ಹೊರಡುತ್ತಾರೆಂಬುದು ತಿಳಿಯುತ್ತದೆ. ಇದಕ್ಕೆ ಒಂದು ವಾರದ ತಾಳ್ಮೆ ಸಾಕು.

ಅಪರಾಧಿಯ ಬಿಲವು ಗೊತ್ತಾದ ಮೇಲೆ ಕೆಲಸ ಅರ್ಧ ಮುಗಿದಂತೆ. ಆ ಒಂದು ಕಲ್ಲನ್ನು ಮಾತ್ರ ನಿಧಾನವಾಗಿ ಎತ್ತಿ, ಹೆಚ್ಚು ಉಪ್ಪು ಬೆರೆಸಿದ ನೀರಿನ ಬಕೆಟ್ಟಿನಲ್ಲಿ ಸ್ವಲ್ಪಕಾಲ ಮುಳುಗಿಸಿದರೆ ಏಡಿ, ಹುಳು, ಮ್ಯಾಂಟಿಸ್ ಸೀಗಡಿಗಳು ಸಾಮಾನ್ಯವಾಗಿ ತಾವಾಗಿಯೇ ಹೊರಬೀಳುತ್ತವೆ. ಕಲ್ಲು ಎತ್ತಲಾರದಷ್ಟು ದೊಡ್ಡದಾಗಿದ್ದರೆ ಬಾಟಲಿಯ ಕೊರಳನ್ನು ಕತ್ತರಿಸಿ ತಲೆಕೆಳಗಾಗಿ ಒಳಸೇರಿಸಿ ಮಾಡಿದ ಬೋನನ್ನು ಒಡ್ಡಬಹುದು. ಇದು ಮಲೆನಾಡಿನಲ್ಲಿ ಹರಿವ ನೀರಿಗೆ ಮೀನು ಹಿಡಿಯಲು ಒಡ್ಡುವ ಕೂಳಿಯ ತತ್ತ್ವವೇ: ಒಳಹೋಗುವ ದಾರಿ ಅಗಲ, ಹೊರಬರುವ ದಾರಿ ಕಾಣದು.

ಹೂವಿನಂತೆ ಕಾಣುವ ಐಪ್ಟೇಸಿಯ ಎಂಬ ಪ್ರಾಣಿಯ ವಿಷಯದಲ್ಲಿ ಬಲಪ್ರಯೋಗವು ಮೂರ್ಖತನವೇ ಸರಿ. ಅದು ನೆರೆಯ ಹವಳಗಳನ್ನು ಕುಟುಕಿ ಸಾಯಿಸುತ್ತದೆ. ಅದನ್ನು ಕೆರೆದು ಕಿತ್ತರೆ ಉಳಿದ ಪ್ರತಿ ಚೂರಿನಿಂದಲೂ ಹೊಸದೊಂದು ಬೆಳೆಯುತ್ತದೆ. ರಕ್ತಬೀಜಾಸುರನ ಕಥೆ ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ದಪ್ಪಗೆ ಕಲಸಿದ ಸುಣ್ಣವನ್ನು ಸಿರಿಂಜಿನಿಂದ ಅದರ ಬಾಯಿಗೆ ಬಿಡುವುದು ಒಂದು ಉಪಾಯ. ಬರ್ಗಿಯ ಎಂಬ ಚಿಪ್ಪಿಲ್ಲದ ಕಡಲ ಬಸವನಹುಳುವನ್ನು ತಂದುಬಿಡುವುದು ಇನ್ನೊಂದು. ಈ ಬಸವನಹುಳುವಿಗೆ ಐಪ್ಟೇಸಿಯವನ್ನುಳಿದು ಬೇರೆ ಆಹಾರವೇ ಇಲ್ಲ. ಶತ್ರು ಮುಗಿದಂದಿನಿಂದ ಮಿತ್ರನಿಗೆ ಉಪವಾಸ. ಆಗ ಅದನ್ನು ಇನ್ನೊಬ್ಬರ ತೊಟ್ಟಿಗೆ ದಾಟಿಸುವುದು ಮತ್ಸ್ಯಪಾಲಕರಲ್ಲಿ ರೂಢಿ.

ಔಷಧಗಳ ಮಾತು ಬೇರೆ. ಮೀನಿನ ರೋಗಗಳಿಗೆ ರಾಮಬಾಣವಾದ ತಾಮ್ರದ ಲವಣವನ್ನು ಹವಳದ ತೊಟ್ಟಿಗೆ ಹಾಕಿದರೆ ಸೀಗಡಿ, ಏಡಿ, ಬಸವನಹುಳು, ಹವಳ ಎಲ್ಲಕ್ಕೂ ಅದು ಮೃತ್ಯು. ಸುಣ್ಣದ ಕಲ್ಲು ಆ ತಾಮ್ರವನ್ನು ಹೀರಿಟ್ಟುಕೊಳ್ಳುವುದರಿಂದ ದೋಷವು ಬಹುಕಾಲ ಉಳಿಯುತ್ತದೆ. ಕವಲು ಹವಳಕ್ಕೆ ಮುತ್ತುವ ಕೆಂಪು ಹೇನಿನಂಥ ಜೀವಿಗೆ ನಾಯಿಗಳ ಜಂತುನಾಶಕವೊಂದನ್ನು ಬಳಸುವುದುಂಟು. ಅದೂ ಹೇನಿನೊಡನೆ ಸೀಗಡಿ ಏಡಿಗಳನ್ನೆಲ್ಲ ಕೊಲ್ಲುತ್ತದೆ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ.

ಇದಕ್ಕೂ ಭಯಂಕರವಾದುದು ಕಲ್ಲನ್ನು ಕುದಿಸುವ ದುಸ್ಸಾಹಸ. ಕೀಟವೆಲ್ಲ ಒಮ್ಮೆಗೇ ಸಾಯಲೆಂದು ಕಲ್ಲನ್ನು ಪಾತ್ರೆಯಲ್ಲಿಟ್ಟು ಒಲೆಗೇರಿಸಿದವರು ತಮ್ಮ ಮನೆಯವರನ್ನೇ ಅಪಾಯಕ್ಕೆ ಒಡ್ಡಿದ್ದಾರೆ. ಕಲ್ಲಿನ ಮೇಲೆ ಗುಂಡಿಗಳಂತೆ ಹರಡುವ ಜೊವಾಂತಿಡ್ ಎಂಬ ಮೃದುಜೀವಿಗಳಲ್ಲಿ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಎಂಬ ಘೋರವಿಷವಿರುತ್ತದೆ. 1971ರಲ್ಲಿ ಹವಾಯಿಯ ವಿಜ್ಞಾನಿಗಳು ಬೇರ್ಪಡಿಸಿದ ಈ ವಿಷವು ಆವಿಯೊಡನೆ ಶ್ವಾಸಕೋಶವನ್ನು ಸೇರುತ್ತದೆ. ಕುದಿಸಲೇಬೇಕೆಂದೂ ಇಲ್ಲ: 2018ರ ಮಾರ್ಚಿಯಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಷೈರಿನ ಸ್ಟೀವೆಂಟನ್ ಗ್ರಾಮದಲ್ಲಿ, ಮನೆಯ ತೊಟ್ಟಿಯನ್ನು ಶುಚಿಗೊಳಿಸಿದಾಗ ಹವಳದಿಂದ ಹೊರಟ ವಿಷದಿಂದಾಗಿ, ಕುಟುಂಬದವರೂ ನೆರವಿಗೆ ಬಂದ ಅಗ್ನಿಶಾಮಕ ಸಿಬ್ಬಂದಿಯೂ ಸೇರಿ ಹತ್ತು ಮಂದಿ ಆಸ್ಪತ್ರೆಗೆ ಹೋಗಬೇಕಾಯಿತು. ಕೈಗೆ ರಬ್ಬರಿನ ಗವಸು, ಕಣ್ಣಿಗೆ ಕನ್ನಡಕ, ತೆರೆದ ಕಿಟಕಿ ಇಲ್ಲದೆ ಯಾವ ಕಲ್ಲನ್ನೂ ಉಜ್ಜಬಾರದು.

ಬಂದ ಮೇಲೆ ಅಟ್ಟುವುದಕ್ಕಿಂತ ಬರುವಾಗಲೇ ತಡೆಯುವುದು ಸುಲಭವೆಂದು ತಿಳಿದವರು ಹೊಸ ಹವಳವನ್ನು ಬೇರೊಂದು ಸಣ್ಣ ತೊಟ್ಟಿಯಲ್ಲಿ ಕೆಲವು ವಾರ ಇಡುತ್ತಾರೆ. ಒಂದು ಸಲ ಔಷಧದ ನೀರಿನಲ್ಲಿ ಅದ್ದಿ ತೃಪ್ತರಾಗುವಂತಿಲ್ಲ. 2011ರಲ್ಲಿ ಶಾಸ್ತ್ರೀಯ ನಾಮಕರಣವಾದ, ಹವಳದ ಬಣ್ಣವನ್ನೇ ಹೊದ್ದು ಅದರ ಮೈಗಂಟಿ ತಿನ್ನುವ ಚಪ್ಪಟೆ ಹುಳುವೊಂದಿದೆ. ಅದ್ದಿದಾಗ ಹುಳು ಉದುರುತ್ತದೆ. ಹವಳದ ಬುಡದ ಬರಿಗಲ್ಲಿಗೆ ಅಂಟಿಸಿಟ್ಟ ಮೊಟ್ಟೆಗೆ ಏನೂ ಆಗುವುದಿಲ್ಲ. ಮೊಟ್ಟೆಯನ್ನು ಕೆರೆದು ತೆಗೆಯಬೇಕು. ಕಣ್ಣಿಗೆ ತಪ್ಪಿದವು ಒಡೆದು ಹೊರಬಂದಂತೆಲ್ಲ ಮತ್ತೆ ಮತ್ತೆ ಅದ್ದಬೇಕು. ಇನ್ನೂ ಎಚ್ಚರಿಕೆಯುಳ್ಳವರು ಜೀವಶಿಲೆಗೆ ಬದಲಾಗಿ ಒಣಗಿದ ಕಲ್ಲನ್ನು ಬಳಸಿ, ಸೂಕ್ಷ್ಮಾಣುಗಳು ನೆಲೆಸುವವರೆಗೆ ಒಂದೆರಡು ತಿಂಗಳು ಬರಿದೊಟ್ಟಿಯನ್ನು ನಡೆಸುತ್ತಾರೆ. ಭಾರತದ ಕಡಲಿನಿಂದ ಹವಳವನ್ನು ತೆಗೆಯುವುದಂತೂ ಅಪರಾಧ; 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ಸೇರಿಸಲಾಯಿತು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಹವಳಕ್ಕೂ ಈ ರಕ್ಷಣೆಯುಂಟು.

ಸೆರೆಸಿಕ್ಕ ಹಂತಕನನ್ನು ಏನು ಮಾಡಬೇಕೆಂಬ ಪ್ರಶ್ನೆ ಉಳಿಯಿತು. ನ್ಯೂಕೀಯವರು ತಮ್ಮ ಹುಳುವನ್ನು ಕೊಲ್ಲಲಿಲ್ಲ. ಬ್ಯಾರಿಯೆಂದು ಹೆಸರಿಟ್ಟು ಅದಕ್ಕೇ ಒಂದು ತೊಟ್ಟಿ ಕೊಟ್ಟರು. ಮ್ಯಾಂಟಿಸ್ ಸೀಗಡಿಯನ್ನು ಹೀಗೆ ಪ್ರತ್ಯೇಕವಾಗಿ ಸಾಕಿ ಅದರ ಚಮತ್ಕಾರಗಳನ್ನು ನೋಡಿ ಆನಂದಿಸುವವರು ಅನೇಕರಿದ್ದಾರೆ. ಮಾಡಲೇಬಾರದ ಕೆಲಸವೆಂದರೆ ಅದನ್ನು ಹತ್ತಿರದ ಕಡಲಿಗೋ ಚರಂಡಿಗೋ ಬಿಡುವುದು. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಸಾಗರಗಳ ನಿವಾಸಿಯಾದ, ವಿಷದ ಮುಳ್ಳುಗಳುಳ್ಳ ಸಿಂಹಮೀನು ಅಮೆರಿಕದ ಫ್ಲಾರಿಡಾ ತೀರದಲ್ಲಿ ಮೊದಲು ಕಾಣಿಸಿಕೊಂಡದ್ದು 1985ರಲ್ಲಿ. ಸಾಕುವವರು ಬಿಟ್ಟ ಮೀನುಗಳೇ ಅದಕ್ಕೆ ಮೂಲವೆಂದು ವಿಜ್ಞಾನಿಗಳ ಅಭಿಪ್ರಾಯ. ಹೆಣ್ಣುಮೀನೊಂದು ವರ್ಷಕ್ಕೆ ಸುಮಾರು ಇಪ್ಪತ್ತು ಲಕ್ಷ ಮೊಟ್ಟೆಗಳನ್ನಿಡುತ್ತದೆ. ಅಲ್ಲಿಯ ಮೀನುಗಳಿಗೆ ಅದನ್ನು ಕಂಡು ಓಡುವ ಅಭ್ಯಾಸವಿರಲಿಲ್ಲ. ಇಂದು ಕೆರಿಬಿಯನ್ ಸಮುದ್ರ, ಮೆಕ್ಸಿಕೊ ಕೊಲ್ಲಿಗಳನ್ನೆಲ್ಲ ವ್ಯಾಪಿಸಿ ಅದು ಬ್ರೆಜಿಲಿನ ತೀರವನ್ನು ಮುಟ್ಟಿದೆ. ಅಲ್ಲಿಯ ಮುಳುಗುಗಾರರು ಭರ್ಜಿ ಹಿಡಿದು ಒಂದೊಂದನ್ನಾಗಿ ಬೇಟೆಯಾಡುತ್ತಿದ್ದಾರೆ.