ಮೂಗು ನಾಯಿಯದು, ಪಾಠ ಮನುಷ್ಯನಿಗೆ

ನಾಯಿಗೆ ರೋಗದ ವಾಸನೆ ತಿಳಿಯಬಹುದೆಂಬ ಮಾತು ವೈದ್ಯರ ಗಮನಕ್ಕೆ ಬಂದದ್ದು 1989ರಲ್ಲಿ. ಒಡತಿಯ ಕಾಲಿನ ಮಚ್ಚೆಯೊಂದನ್ನು ಬಿಡದೆ ಮೂಸುತ್ತಿದ್ದ ನಾಯಿಯ ಸಂಗತಿಯನ್ನು ಬ್ರಿಟನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿತು. ಆ ಮಚ್ಚೆ ಚರ್ಮದ ಕ್ಯಾನ್ಸರ್ ಆಗಿತ್ತು.

ಮೂಸುವುದನ್ನು ನಾಯಿಗೆ ಯಾರೂ ಕಲಿಸಬೇಕಿಲ್ಲ. ಯಾವ ವಾಸನೆ ಹಿಡಿದರೆ ತಿಂಡಿ ಸಿಗುತ್ತದೆಂದು ತೋರಿಸಿಕೊಡಬೇಕು, ಅಷ್ಟೆ. ಹೆಚ್ಚು ಕಷ್ಟ ಅದನ್ನು ನಡೆಸುವವರ ಪಾಠ. ರೋಗಿಯ ಮಾದರಿ ಯಾವುದೆಂದು ಅವರಿಗೆ ಗೊತ್ತಿದ್ದರೆ, ಅವರ ಕಣ್ಣೋಟ, ತಡೆದ ಹೆಜ್ಜೆಗಳಿಂದಲೇ ನಾಯಿ ಉತ್ತರ ಊಹಿಸಿಬಿಡುತ್ತದೆ. ಆದ್ದರಿಂದ ಪರೀಕ್ಷೆಯ ವೇಳೆ ಅವರಿಗೂ ಉತ್ತರ ತಿಳಿದಿರಬಾರದು.

ಇನ್ನೊಂದು ಪಾಠ, ನಾಯಿಯ ಮಾತನ್ನು ತಳ್ಳಿಹಾಕದಿರುವುದು. ಮೂತ್ರಕೋಶದ ಕ್ಯಾನ್ಸರ್ ಗುರುತಿಸಲು ಇಂಗ್ಲೆಂಡಿನ ಅಮರ್‌ಶಮ್‌ನಲ್ಲಿ ಆರು ನಾಯಿಗಳನ್ನು ಪಳಗಿಸಿದರು. 2004ರ ವರದಿಯಂತೆ ಅವು 54 ಸಲ ಮೂಸಿ 22 ಸಲ ಸರಿಯಾದ ಮಾದರಿ ಹಿಡಿದವು. ಅಂದರೆ ನಾಯಿಯೂ ತಪ್ಪುತ್ತದೆ. ಆದರೆ ತರಬೇತಿಯ ವೇಳೆ, ಕ್ಯಾನ್ಸರ್ ಇಲ್ಲವೆಂದು ಪರೀಕ್ಷಿಸಿ ಇಟ್ಟಿದ್ದ ಒಂದು ಮಾದರಿಯನ್ನು ಎಲ್ಲ ನಾಯಿಗಳೂ ರೋಗಿಯದೆಂದೇ ತೋರಿಸಿದವು. ನಾಯಿಗಳದೇ ತಪ್ಪೆಂದು ತಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ವೈದ್ಯರು ಆ ವ್ಯಕ್ತಿಯನ್ನು ಮತ್ತೆ ಪರೀಕ್ಷಿಸಿದರು. ಮೂತ್ರಪಿಂಡದಲ್ಲಿ ಕ್ಯಾನ್ಸರ್ ಪತ್ತೆಯಾಯಿತು.