ನಿಮಗಿದು ಗೊತ್ತೇ? ಲೋಹದ ಹೊಟ್ಟೆಗಿಳಿದು ಬಿರುಕು ಅಳೆಯುವ ಕಣ್ಣು

ಕಬ್ಬಿಣ-ಉಕ್ಕಿನ ಮಾತು ಭದ್ರಾವತಿಯ ಜನ್ನಾಪುರಕ್ಕೆ ಹೊಸತಲ್ಲ. ಅದೇ ಲೋಹದ ಯಂತ್ರಗಳ ಪೊಳ್ಳಿನೊಳಗೆ ಇಣುಕಿ, ಕಂಡ ದೋಷವನ್ನು ಅಳೆದೂ ಹೇಳುವ ವಿಡಿಯೊ ಬೋರೋಸ್ಕೋಪ್ ಬಗ್ಗೆ ಹತ್ತು ಸಂಗತಿ:

1. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರುಮಾಡಿದಾಗ ಊದುಕುಲುಮೆಗೆ ಹಾಕುತ್ತಿದ್ದುದು ಕಲ್ಲಿದ್ದಲಲ್ಲ, ಮಲೆನಾಡಿನ ಮರದ ಇದ್ದಿಲು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜಾರ್ಜ್ ಕ್ರಾಂಪ್ಟನ್, ಟರ್ಬೈನ್ ರೋಟರಿನ ರಂಧ್ರದೊಳಗೆ ನೋಡುವ ನಳಿಗೆ ತಯಾರಿಸಿದರು. ಬೋರೋಸ್ಕೋಪ್ ವಂಶದ ಮೂಲಪುರುಷ ಅದೇ.

2. ಆ ನಳಿಗೆ ನೆಟ್ಟಗಿತ್ತು, ಬಾಗುತ್ತಿರಲಿಲ್ಲ. ಬಾಗುವ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರ ಸಾಗಿಸಬಹುದೆಂದು 1954ರಲ್ಲಿ ತೋರಿಸಿದವರು ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಮತ್ತು ಅವರ ಗುರು ಹೆರಾಲ್ಡ್ ಹಾಪ್ಕಿನ್ಸ್.

3. ಈಗ ಕ್ಯಾಮೆರಾವೇ ನಳಿಗೆಯ (ಪ್ರೋಬ್) ತುದಿಯಲ್ಲಿ ಕೂತಿರುತ್ತದೆ. 4ರಿಂದ 6 ಮಿ.ಮೀ. ದಪ್ಪದ ಪ್ರೋಬ್‌ಗಳು ಸಾಮಾನ್ಯ. ಇದಕ್ಕೆ ದಾರಿ ತೆರೆದ, ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ಸಿಸಿಡಿ ಚಿಪ್ 1969ರದು. ಅದನ್ನು ಕಂಡುಹಿಡಿದ ಬಾಯ್ಲ್, ಸ್ಮಿತ್ ಅವರಿಗೆ 2009ರಲ್ಲಿ ನೊಬೆಲ್ ಸಂದಿತು.

4. ಒಂದೇ ಫೋಟೊ ನೋಡಿ ಅಳತೆ ಹೇಳಲಾಗದು. ಹತ್ತಿರದ ಪುಟ್ಟ ಗೀರೂ ದೂರದ ದೊಡ್ಡ ಬಿರುಕೂ ತೆರೆಯ ಮೇಲೆ ಒಂದೇ ಉದ್ದ ಕಾಣಬಹುದು. ದೂರ ತಿಳಿದರೆ ಮಾತ್ರ ಮಿಲಿಮೀಟರ್ ಲೆಕ್ಕ ಸಿಗುತ್ತದೆ.

5. ದೂರ ತಿಳಿಯುವ ಮೊದಲ ದಾರಿ ಸ್ಟೀರಿಯೊ. ತುದಿಯ ಪ್ರಿಸಂ ಒಂದೇ ಜಾಗದ ಎರಡು ನೋಟ ಕೊಡುತ್ತದೆ. ಎರಡರಲ್ಲಿ ಒಂದು ಬಿಂದು ಎಷ್ಟು ಸರಿದಿದೆ ಎಂಬುದರಿಂದ ದೂರ ಹೊರಡುತ್ತದೆ.

6. ಎರಡನೆಯದು ನೆರಳು. ಗೊತ್ತಿರುವ ಕೋನದಲ್ಲಿ ಒಂದು ನೆರಳುಗೆರೆ ಬೀಳಿಸುತ್ತಾರೆ. ದೂರ ಬದಲಾದಂತೆ ಚಿತ್ರದಲ್ಲಿ ಗೆರೆಯ ಜಾಗವೂ ಬದಲಾಗುತ್ತದೆ.

7. ಮೂರನೆಯದು ಪಟ್ಟೆ ಬೆಳಕು. ಮೇಲ್ಮೈ ಮೇಲೆ ಬಿದ್ದ ಬೆಳಕಿನ ಪಟ್ಟೆಗಳು ಎಲ್ಲೆಲ್ಲಿ ಹೇಗೆ ಡೊಂಕಾದವು ಎಂದು ಲೆಕ್ಕಹಾಕಿ, ಕಂಪ್ಯೂಟರ್ ಇಡೀ ಮೇಲ್ಮೈಯ ಮೂರು ಆಯಾಮದ ನಕ್ಷೆ ಬರೆಯುತ್ತದೆ. ಅದನ್ನು ತೆರೆಯ ಮೇಲೆ ಅತ್ತಿತ್ತ ತಿರುಗಿಸಿಯೂ ನೋಡಬಹುದು.

8. ತುಕ್ಕು ತಿಂದ ಗುಳಿಯ ಆಳ ಬೇಕೇ? ಸುತ್ತಲಿನ ಕೆಡದ ಜಾಗದಲ್ಲಿ ಮೂರು ಬಿಂದು, ಗುಳಿಯ ತಳದಲ್ಲಿ ನಾಲ್ಕನೆಯದು ಗುರುತಿಸಿದರೆ ಸಾಕು. ಮೂರು ಬಿಂದುಗಳ ಸಮತಲದಿಂದ ನಾಲ್ಕನೆಯದು ಎಷ್ಟು ಕೆಳಗಿದೆಯೋ ಅದೇ ಆಳ.

9. ವಿಮಾನದ ಎಂಜಿನ್ನಿಗೆ ಹಕ್ಕಿ ಬಡಿದರೆ ತಕ್ಷಣ ಅದನ್ನು ಬಿಚ್ಚುವುದಿಲ್ಲ. ಕವಚದಲ್ಲಿರುವ ತೂತಿನಿಂದ ಪ್ರೋಬ್ ಇಳಿಸಿ, ರೋಟರ್ ತಿರುಗಿಸುತ್ತ ಬ್ಲೇಡುಗಳನ್ನು ಒಂದೊಂದಾಗಿ ನೋಡುತ್ತಾರೆ. ಪೆಟ್ಟಿನ ಅಳತೆ ತಯಾರಕರು ಹೇಳಿದ ಮಿತಿಯೊಳಗಿದ್ದರೆ ಎಂಜಿನ್ ಹಾರಾಟಕ್ಕೆ, ಮೀರಿದರೆ ದುರಸ್ತಿಗೆ.

10. ಈ ಕಣ್ಣಿಗೂ ಮಿತಿಗಳಿವೆ. ಸ್ಟೀರಿಯೊದಲ್ಲಿ ದೂರ ಎರಡು ಪಟ್ಟಾದರೆ ಆಳದ ತಪ್ಪು ಸುಮಾರು ನಾಲ್ಕು ಪಟ್ಟಾಗುತ್ತದೆ. ಎಣ್ಣೆಯ ಹೊಳಪೂ ಲೆಕ್ಕ ಕೆಡಿಸುತ್ತದೆ. ಲೋಹದೊಳಗೆ ಹುದುಗಿದ ಬಿರುಕಂತೂ ಬೋರೋಸ್ಕೋಪಿಗೆ ಕಾಣುವುದೇ ಇಲ್ಲ. ಅದಕ್ಕೆ ಅಲ್ಟ್ರಾಸೌಂಡ್ ಅಥವಾ ಎಕ್ಸ್‌ರೇ ಬೇಕು.

ಬೋರೋಸ್ಕೋಪ್ ಹಿಡಿಯುವವರಿಗೆ ಕೊನೆಯದಾಗಿ ಒಂದು ಮಾತು: ಮೊದಲು, ಅಳತೆ ಗೊತ್ತಿರುವ ಬಿಲ್ಲೆಯೊಂದನ್ನು ಅಳೆದು ನೋಡಿ. ಅದರಲ್ಲೇ ಉಪಕರಣ ತಪ್ಪಿದರೆ, ಅದು ಹೇಳುವ ಬಿರುಕಿನ ಲೆಕ್ಕವನ್ನು ನಂಬಬೇಡಿ.